ಹಿಮ ಎಸೆಯುವ ಟ್ರ್ಯಾಕ್ಟರು: ತುದಿಯಿಂದ ಎಂಜಿನ್ನಿನವರೆಗೆ ಒಂದು ಲೆಕ್ಕ

(ಹಾಸನದಲ್ಲಿ ವರ್ಕ್‌ಶಾಪ್ ನಡೆಸುವವರು, ಬೆಳೆಗಾರರು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1930 ಮೀಟರ್. ಅಲ್ಲಿ ಮಂಜು ಮುಸುಕುತ್ತದೆ, ಗಾಳಿ ಕೊರೆಯುತ್ತದೆ, ಹಿಮ ಮಾತ್ರ ಬೀಳುವುದಿಲ್ಲ. ಹಾಗಿದ್ದೂ ಸ್ನೋಬ್ಲೋವರ್ ಬಗ್ಗೆ ಮಾತಾಡುತ್ತೇನೆಂದು ನಾನೇ ಕೇಳಿಕೊಂಡು ಬಂದಿದ್ದೇನೆ. ಕೆನಡಾದಲ್ಲಿ, ಅಮೆರಿಕದ ಉತ್ತರ ಭಾಗದಲ್ಲಿ ಮನೆ ಹಿಂದೆ ಹುಲ್ಲು ಕತ್ತರಿಸಲು ಇಟ್ಟುಕೊಂಡ ಗಾರ್ಡನ್ ಟ್ರ್ಯಾಕ್ಟರಿಗೇ ಚಳಿಗಾಲದಲ್ಲಿ ಹಿಮ ಎಸೆಯುವ ಯಂತ್ರ ಜೋಡಿಸಿಕೊಳ್ಳುವ ಜನ ಬಹಳ. ಕಂಪನಿಯ ಕಿಟ್ ಸಿಗದಿದ್ದರೆ ಶೆಡ್ಡಿನಲ್ಲೇ ಪುಲ್ಲಿ, ಬೆಲ್ಟು, ಬ್ರಾಕೆಟ್ ಮಾಡಿಕೊಳ್ಳುತ್ತಾರೆ. ಸಣ್ಣ ಟ್ರ್ಯಾಕ್ಟರಿಗೆ ಒಂದು ಉಪಕರಣ ಕಟ್ಟುವಾಗ ಬರಬಹುದಾದ ಅಷ್ಟೂ ಕಷ್ಟ ಈ ಒಂದೇ ಕೆಲಸದಲ್ಲಿ ಒಟ್ಟಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ನಮ್ಮಲ್ಲೂ ಇಂಥ ಕೆಲಸ ನಡೆದೇ ಇದೆ. ಸಕಲೇಶಪುರ, ಮೂಡಿಗೆರೆ ಕಡೆ ಪವರ್ ಟಿಲ್ಲರಿನಿಂದ ಬೆಲ್ಟು ಎಳೆದು ಬೋರ್ಡೋ ದ್ರಾವಣ ಹೊಡೆಯುವ ಪಂಪು ಓಡಿಸುವುದು ಹೊಸದಲ್ಲ. ಅರಸೀಕೆರೆ ಕಡೆ ತೆಂಗಿನ ಗರಿ ಪುಡಿ ಮಾಡುವ ಯಂತ್ರ, ಹಾಸನದ ಸುತ್ತ ಆಲೂಗಡ್ಡೆ ಕೀಳುವ ಯಂತ್ರ, ತೋಟದಲ್ಲಿ ಸವರಿದ ಕೊಂಬೆ ಚೂರು ಮಾಡುವ ಚಿಪ್ಪರ್. ಯಾವುದನ್ನೇ ಕಟ್ಟಿಸಲು ಬಂದರೂ ಗಿರಾಕಿ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಎಚ್‌ಪಿ ಬೇಕು? ಆ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎನ್ನುವುದು ನನ್ನ ವಾದ. ಕೆಲಸ ನಡೆಯುವ ತುದಿಯಿಂದ ಲೆಕ್ಕ ಶುರು ಮಾಡಿ ಹಿಂದಕ್ಕೆ ಬನ್ನಿ, ಎಂಜಿನ್ ಕೊನೆಯಲ್ಲಿ ಸಿಗುತ್ತದೆ. ಎಂಜಿನ್ನಿನಿಂದ ಹೊರಟವರು ದಾರಿಯಲ್ಲಿ ಬೆಲ್ಟು ಸುಡುತ್ತಾರೆ, ಗೇರು ಮುರಿಯುತ್ತಾರೆ, ಕೆಲವೊಮ್ಮೆ ಕೈ ಕಳೆದುಕೊಳ್ಳುತ್ತಾರೆ.

ಯಂತ್ರದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೈಲು ಹಳಿಯ ಹಿಮ ತೆಗೆಯುವ ತಿರುಗು ಚಕ್ರಕ್ಕೆ 1869ರಲ್ಲಿ ಪೇಟೆಂಟ್ ಪಡೆದವರು ಟೊರಾಂಟೊದ ದಂತವೈದ್ಯ ಜೆ. ಡಬ್ಲ್ಯು. ಎಲಿಯಟ್. ರಸ್ತೆಯ ಮೇಲೆ ಓಡುವ ಸ್ನೋಬ್ಲೋವರ್ ಕಟ್ಟಿದವರು ಕ್ವಿಬೆಕ್‌ನ ಆರ್ಥರ್ ಸಿಕಾರ್, 1925ರಲ್ಲಿ. ಎರಡು ವರ್ಷದ ನಂತರ ಮಾಂಟ್ರಿಯಲ್ ಪಕ್ಕದ ಔಟ್ರೆಮಾಂಟ್ ಊರಿಗೆ ಮೊದಲನೆಯದನ್ನು ಮಾರಿದರು. ಗೋಧಿ ಒಕ್ಕುವ ಯಂತ್ರ ನೋಡಿ ಅವರಿಗೆ ಇದು ಹೊಳೆಯಿತು ಎನ್ನುತ್ತಾರೆ. ಹಾಗಾದರೆ ಈ ಯಂತ್ರದ ಮೂಲವೂ ಕಣವೇ.

ಇನ್ನು ಅದರ ಒಳಗೆ ಹೋಗೋಣ. ಇವತ್ತು ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಹಂತದ್ದು. ಮುಂದುಗಡೆ ಅಡ್ಡಡ್ಡವಾಗಿ ಆಗರ್ ಇರುತ್ತದೆ. ನಾವು ಗುಂಡಿ ತೋಡಲು ಬಳಸುವ ಆಗರಿನ ಸುರುಳಿಯನ್ನು ಮಲಗಿಸಿದ ಹಾಗೆ. ಅದು ನಿಮಿಷಕ್ಕೆ ನೂರು ಸುತ್ತಿನಷ್ಟು ನಿಧಾನವಾಗಿ ತಿರುಗುತ್ತಾ ಎರಡೂ ಬದಿಯ ಹಿಮವನ್ನು ನಡುವಿಗೆ ತಳ್ಳುತ್ತದೆ. ಹಿಂದೆ ಇಂಪೆಲರ್ ಎಂಬ ನಾಲ್ಕು ಎಲೆಯ ಚಕ್ರ ನಿಮಿಷಕ್ಕೆ ಸಾವಿರ ಸುತ್ತಿನ ಸುಮಾರಿಗೆ ತಿರುಗುತ್ತದೆ. ನಡುವಿಗೆ ಬಂದ ಹಿಮವನ್ನು ಹಿಡಿದು ಚೂಟಿನ, ಅಂದರೆ ಹೊರಬಾಯಿಯ ಕೊಳವೆಯ, ಮೂಲಕ ದೂರ ಎಸೆಯುತ್ತದೆ. ಒಂದೇ ಶಾಫ್ಟು, ಎರಡು ವೇಗ. ನಡುವೆ ಇರುವುದು ಒಂದು ಸಣ್ಣ ವರ್ಮ್ ಗೇರ್ ಬಾಕ್ಸ್, ಹತ್ತಕ್ಕೆ ಒಂದರ ಅನುಪಾತ.

ಲೆಕ್ಕ ಇಂಪೆಲರಿನ ಅಂಚಿನಿಂದ ಶುರು. ವ್ಯಾಸ 30 ಸೆಂಟಿಮೀಟರ್, ವೇಗ 1000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಸಾವಿರ ಸುತ್ತು, ಎಂದಿಟ್ಟುಕೊಳ್ಳಿ. ಅಂಚು ಸೆಕೆಂಡಿಗೆ ಸುಮಾರು 16 ಮೀಟರ್ ಓಡುತ್ತದೆ. ಆ ವೇಗದಲ್ಲಿ 45 ಡಿಗ್ರಿ ಕೋನದಲ್ಲಿ ಹೊರಟ ವಸ್ತು, ಗಾಳಿಯ ತಡೆಯೇ ಇಲ್ಲದಿದ್ದರೆ, 25 ಮೀಟರ್ ಆಚೆ ಬೀಳಬೇಕು. ಪುಡಿ ಹಿಮ ಗಾಳಿಯಲ್ಲಿ ಚದುರುವುದರಿಂದ ಅಷ್ಟು ದೂರ ಹೋಗುವುದಿಲ್ಲ, ಆದರೆ ದಾರಿಯಿಂದಾಚೆ ಬೀಳಲು ಧಾರಾಳ ಸಾಕು. ಒಂದು ಕಿಲೊ ಹಿಮಕ್ಕೆ ಆ ವೇಗ ಕೊಡಲು ಬೇಕಾದ ಶಕ್ತಿ ಸುಮಾರು 125 ಜೂಲ್.

ಈಗ ಸೆಕೆಂಡಿಗೆ ಎಷ್ಟು ಕಿಲೊ ಒಳಗೆ ಬರುತ್ತದೆ ನೋಡಿ. ಯಂತ್ರದ ಅಗಲ ಒಂದು ಮೀಟರ್, ಹಿಮದ ಆಳ 20 ಸೆಂಟಿಮೀಟರ್, ಟ್ರ್ಯಾಕ್ಟರಿನ ಓಟ ಗಂಟೆಗೆ ಒಂದೂವರೆ ಕಿಲೊಮೀಟರ್. ಅಂದರೆ ಸೆಕೆಂಡಿಗೆ 83 ಲೀಟರಿನಷ್ಟು ಹಿಮ. ಹೊಸದಾಗಿ ಬಿದ್ದ ಹಿಮ ಹಗುರ, ಒಂದು ಘನ ಮೀಟರಿಗೆ ನೂರು ಕಿಲೊ ಅಥವಾ ಅದಕ್ಕಿಂತ ಕಡಿಮೆ. ಆಗ ಸೆಕೆಂಡಿಗೆ ಎಂಟು ಕಿಲೊ ಚಿಲ್ಲರೆ, ಎಸೆಯಲು ಒಂದು ಕಿಲೊವ್ಯಾಟ್. ಅದೇ ಹಿಮ ಎರಡು ದಿನ ಬಿಸಿಲು ಕಂಡು ಕರಗಿ ನೀರು ಕುಡಿದಿದ್ದರೆ ಘನ ಮೀಟರಿಗೆ 400 ಕಿಲೊ ದಾಟುತ್ತದೆ. ಕಣ್ಣಿಗೆ ಅದೇ 20 ಸೆಂಟಿಮೀಟರ್. ಸೆಕೆಂಡಿಗೆ 33 ಕಿಲೊ, ನಾಲ್ಕು ಕಿಲೊವ್ಯಾಟಿಗೂ ಮೇಲೆ. ನಿಂತ ಹಿಮಕ್ಕೆ ತಿರುಗುವ ಎಲೆ ಬಡಿದಾಗ ಎಸೆತಕ್ಕೆ ಎಷ್ಟು ಶಕ್ತಿ ಹೋಗುತ್ತದೋ ಹೆಚ್ಚುಕಡಿಮೆ ಅಷ್ಟೇ ಬಡಿತದಲ್ಲೂ ಉಜ್ಜಾಟದಲ್ಲೂ ಸೋರಿಹೋಗುತ್ತದೆ. ಹಾಗಾಗಿ ಇಂಪೆಲರ್ ಶಾಫ್ಟಿನಲ್ಲಿ ಎಂಟು ಕಿಲೊವ್ಯಾಟ್, ಅಂದರೆ 11 ಎಚ್‌ಪಿ ಕೈಯಲ್ಲಿರಬೇಕು. ಆಗರ್, ಗೇರು, ಬೆಲ್ಟು, ಟ್ರ್ಯಾಕ್ಟರಿನ ಸ್ವಂತ ಓಟ, ಇವೆಲ್ಲ ಅದರ ಮೇಲೆ. 16 ಎಚ್‌ಪಿ ಗಾರ್ಡನ್ ಟ್ರ್ಯಾಕ್ಟರು ಡಿಸೆಂಬರಿನ ಹಿಮದಲ್ಲಿ ಆರಾಮಾಗಿ ಓಡಿ ಮಾರ್ಚಿನ ಹಿಮದಲ್ಲಿ ಕೂತುಬಿಡುವುದು ಏಕೆ ಎನ್ನುವುದಕ್ಕೆ ಇಷ್ಟೇ ಉತ್ತರ.

ನಮ್ಮ ಚಿಪ್ಪರಿಗೂ ಇದೇ ಅನ್ವಯ. ಒಣಗಿದ ಸಿಲ್ವರ್ ಓಕ್ ಕಡ್ಡಿ ಹಾಕಿ ಪರೀಕ್ಷೆ ಮಾಡಿ ಗಿರಾಕಿಗೆ ಒಪ್ಪಿಸಿಬಿಡಬೇಡಿ. ಜುಲೈ ಮಳೆಯಲ್ಲಿ ನೆನೆದ ಹಸಿ ಗ್ಲಿರಿಸಿಡಿಯಾ ಹಾಕಿ ನೋಡಿ. ಯಂತ್ರದ ಅಳತೆ ಕೆಟ್ಟ ದಿನಕ್ಕೆ ಇರಬೇಕು.

ಇನ್ನೊಂದು ಮಾತು, ನಮ್ಮ ಎತ್ತರದ್ದು. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಕೆಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಾಸನ, ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸು. ಹೆಸರುಫಲಕದ ಮೇಲೆ 10 ಎಚ್‌ಪಿ ಎಂದು ಬರೆದ ಎಂಜಿನ್ ಇಲ್ಲಿ 9 ಕೊಡುತ್ತದೆ. ಮಾಂಟ್ರಿಯಲ್ ಇರುವುದು ಸಮುದ್ರಮಟ್ಟದ ಹತ್ತಿರ. ಅಲ್ಲಿಯವರ ಅಳತೆಯನ್ನು ಹಾಗೇ ಎತ್ತಿಕೊಂಡರೆ ಈ ಹತ್ತನೇ ಒಂದು ಪಾಲು ನಿಮ್ಮ ಕೈಬಿಡುತ್ತದೆ.

ಶಕ್ತಿ ಸಾಕಾಯಿತು ಎಂದುಕೊಳ್ಳಿ. ಮುಂದಿನ ಕಗ್ಗಂಟು ವೇಗ, ಮತ್ತು ನನ್ನ ಪ್ರಕಾರ ಇಡೀ ಕೆಲಸದ ಹೃದಯವೇ ಇದು. ಇಂಪೆಲರ್ ಪೂರಾ ವೇಗದಲ್ಲಿ ತಿರುಗುತ್ತಲೇ ಇರಬೇಕು, ಚಕ್ರ ಮಾತ್ರ ತೆವಳಬೇಕು. ಹಿಮ ದಪ್ಪ ಬಂತು ಅಂತ ಡ್ರೈವರ್ ಥ್ರಾಟಲ್ ಇಳಿಸಿದರೆ ಟ್ರ್ಯಾಕ್ಟರಿನ ಜೊತೆ ಇಂಪೆಲರೂ ನಿಧಾನವಾಗುತ್ತದೆ. ಸಾವಿರ ಸುತ್ತು 700ಕ್ಕೆ ಇಳಿದರೆ ಎಸೆತದ ದೂರ ಅರ್ಧವಾಗುತ್ತದೆ, ಯಾಕೆಂದರೆ ದೂರ ವೇಗದ ವರ್ಗಕ್ಕೆ ಹೊಂದಿಕೊಂಡಿದೆ. ಎಸೆದದ್ದು ಹೊರಗೆ ಹೋಗದೆ ಚೂಟಿನಲ್ಲೇ ಕಟ್ಟಿಕೊಳ್ಳುತ್ತದೆ. ಹೈಡ್ರೊಸ್ಟ್ಯಾಟಿಕ್, ಅಂದರೆ ಗೇರಿನ ಬದಲು ಎಣ್ಣೆಯ ಒತ್ತಡದಿಂದ ಚಕ್ರ ಓಡಿಸುವ ವ್ಯವಸ್ಥೆ, ಇರುವ ಗಾರ್ಡನ್ ಟ್ರ್ಯಾಕ್ಟರಿಗೆ ಅಲ್ಲಿ ಅಷ್ಟು ಬೇಡಿಕೆ ಇರುವುದು ಇದಕ್ಕೇ. ಎಂಜಿನ್ 3400 ಆರ್‌ಪಿಎಂನಲ್ಲಿ ಹಾಡುತ್ತಿರುವಾಗಲೇ ಪೆಡಲ್ ಮೇಲಿನ ಪಾದ ಚೂರು ಸಡಿಲಿಸಿದರೆ ಚಕ್ರ ಗೇಣು ಗೇಣಾಗಿ ಮುಂದೆ ಹೋಗುತ್ತದೆ.

ಗೇರಿನ ಟ್ರ್ಯಾಕ್ಟರಿನಲ್ಲಿ ಆ ಸೌಕರ್ಯ ಇಲ್ಲ. ನಮ್ಮ ಮಿನಿ ಟ್ರ್ಯಾಕ್ಟರುಗಳಲ್ಲಿ ಸಿಂಗಲ್ ಕ್ಲಚ್ ಇದ್ದರೆ ಇನ್ನೂ ಕಷ್ಟ. ಪೆಡಲ್ ಒತ್ತಿದ ತಕ್ಷಣ ಓಟವೂ ನಿಂತಿತು, ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ಶಾಫ್ಟು, ಅಂದರೆ ಪಿಟಿಒ ಕೂಡ ನಿಂತಿತು. ಹಿಮ ತುಂಬಿದ ಬಾಯಿ ಹಾಗೇ ತುಂಬಿಕೊಂಡು ನಿಲ್ಲುತ್ತದೆ, ಮತ್ತೆ ಕ್ಲಚ್ ಬಿಟ್ಟಾಗ ಆ ಭಾರದ ಮೇಲೇ ಎಂಜಿನ್ ಎಳೆಯಬೇಕು. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಇಂಪೆಲರಿನಂಥ ಭಾರದ ಚಕ್ರ ತಿರುಗುತ್ತಿರುವಾಗ ಕ್ಲಚ್ ಒತ್ತಿದರೆ ಆ ಚಕ್ರದ ಓಘ ಪಿಟಿಒ ಶಾಫ್ಟಿನ ಮೂಲಕ ಗೇರ್ ಬಾಕ್ಸಿಗೆ ವಾಪಸ್ ಬಂದು ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತದೆ. ಕ್ಲಚ್ ಒತ್ತಿದ್ದೇನೆ, ಯಾಕೆ ನಿಲ್ಲುತ್ತಿಲ್ಲ ಎಂದು ಡ್ರೈವರ್ ಗಾಬರಿಯಾಗುವ ಹೊತ್ತಿಗೆ ಗೋಡೆ ಬಂದಿರುತ್ತದೆ. ಪಿಟಿಒ ಶಾಫ್ಟಿನ ತುದಿಗೆ ಒಂದೇ ದಿಕ್ಕಿಗೆ ಹಿಡಿಯುವ ಓವರ್‌ರನ್ನಿಂಗ್ ಕ್ಲಚ್ ಹಾಕಿದರೆ ಈ ತೊಂದರೆ ತಪ್ಪುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಸಿಂಗಲ್ ಕ್ಲಚ್ ಟ್ರ್ಯಾಕ್ಟರಿಗೆ ಭಾರದ ಚಿಪ್ಪರ್ ಹಚ್ಚುವವರು ಈ ಓವರ್‌ರನ್ನಿಂಗ್ ಕ್ಲಚ್ ಇಲ್ಲದೆ ಗಾಡಿ ಹೊರಗೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಓಟವನ್ನೂ ಪಿಟಿಒವನ್ನೂ ಬೇರೆಬೇರೆ ನಿಲ್ಲಿಸುವ ಡ್ಯುಯಲ್ ಕ್ಲಚ್ ಇದೆಯೇ, ತೆವಳುವ ವೇಗದ ಕ್ರೀಪರ್ ಗೇರ್ ಇದೆಯೇ ಎಂದು ಕೇಳಿ. ಎರಡು ಎಚ್‌ಪಿ ಹೆಚ್ಚಿಗೆ ಇರುವುದಕ್ಕಿಂತ ಇವೆರಡು ಮುಖ್ಯ.

ಇನ್ನು ಎಂಜಿನ್ನಿನಿಂದ ಇಂಪೆಲರಿಗೆ ದಾರಿ. ದೊಡ್ಡ ಟ್ರ್ಯಾಕ್ಟರಿಗೆ ಹಿಂದೆ 540 ಆರ್‌ಪಿಎಂನ ಆರು ಹಲ್ಲಿನ ಪಿಟಿಒ ಇದ್ದೇ ಇರುತ್ತದೆ. ಪಿಟಿಒ ಇಟ್ಟು ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, 1918ರ ಸುಮಾರಿಗೆ. ಗಾರ್ಡನ್ ಟ್ರ್ಯಾಕ್ಟರಿನ ಕಥೆ ಬೇರೆ. ಅದರ ಎಂಜಿನ್ ಶಾಫ್ಟಿಗೇ 12 ವೋಲ್ಟಿನ ವಿದ್ಯುತ್ ಕ್ಲಚ್ ಕೂತಿರುತ್ತದೆ, ಸ್ವಿಚ್ ಎಳೆದರೆ ಪುಲ್ಲಿ ಕಚ್ಚಿಕೊಳ್ಳುತ್ತದೆ. ಹಲವು ಟ್ರ್ಯಾಕ್ಟರುಗಳಲ್ಲಿ ಎಂಜಿನ್ ಶಾಫ್ಟು ನೆಲದ ಕಡೆ ಮುಖ ಮಾಡಿದೆ, ಹುಲ್ಲಿನ ಬ್ಲೇಡಿಗೆ ಅದು ಅನುಕೂಲ. ಇಂಪೆಲರಿನ ಶಾಫ್ಟೋ ಅಡ್ಡ ಮಲಗಿದೆ. ಹಾಗಾಗಿ ಬೆಲ್ಟನ್ನು 90 ಡಿಗ್ರಿ ಹೊರಳಿಸಬೇಕು. ಬೆಲ್ಟಿಗೆ ದಾರಿ ತೋರಿಸಲಷ್ಟೇ ತಿರುಗುವ ಎರಡು ಐಡ್ಲರ್ ಪುಲ್ಲಿ ಇಟ್ಟು ಹೊರಳಿಸುವ ಆ ಜೋಡಣೆಗೆ ಮ್ಯೂಲ್ ಡ್ರೈವ್ ಎನ್ನುತ್ತಾರೆ. ಹೊರಳಿಸುವಾಗ ತಿರುಗುವ ದಿಕ್ಕು ನೋಡಿಕೊಳ್ಳಿ. ಚೂಟು ಒಂದೇ ದಿಕ್ಕಿಗೆ ಬಾಯಿ ತೆರೆದಿರುತ್ತದೆ, ಇಂಪೆಲರ್ ಉಲ್ಟಾ ತಿರುಗಿದರೆ ಹಿಮ ಹೊರಗೆ ಬರುವುದೇ ಇಲ್ಲ. ವೆಲ್ಡಿಂಗ್ ಹಚ್ಚುವ ಮೊದಲು ಕೈಯಲ್ಲಿ ಬೆಲ್ಟು ಎಳೆದು ದಿಕ್ಕನ್ನು ಸೀಮೆಸುಣ್ಣದಲ್ಲಿ ಬಾಣ ಹಾಕಿ ಗುರುತು ಮಾಡಿ.

ಪುಲ್ಲಿಯ ಅಳತೆ ಸುಲಭ. ಎಂಜಿನ್ 3400, ಇಂಪೆಲರಿಗೆ ಬೇಕಾದದ್ದು ಸಾವಿರದ ಹತ್ತಿರ. ಎಂಜಿನ್ ಕಡೆ 90 ಮಿಲಿಮೀಟರ್, ಆಚೆ ಕಡೆ 300 ಮಿಲಿಮೀಟರ್ ಇಟ್ಟರೆ 1020 ಬರುತ್ತದೆ. ಎ ಸೆಕ್ಷನ್ ಬೆಲ್ಟಿಗೆ 75 ಮಿಲಿಮೀಟರಿಗಿಂತ ಸಣ್ಣ ಪುಲ್ಲಿ ಇಡಬಾರದು, ಅದಕ್ಕಿಂತ ದಪ್ಪದ ಬಿ ಸೆಕ್ಷನ್ನಿಗೆ 125ಕ್ಕಿಂತ. ಸಣ್ಣ ಪುಲ್ಲಿಯ ಮೇಲೆ ಬಗ್ಗಿ ಬಗ್ಗಿ ಬೆಲ್ಟಿನ ಒಳಗಿನ ದಾರ ಬಿಸಿಯಾಗಿ ಹರಿಯುತ್ತದೆ. ಎರಡು ಬೆಲ್ಟು ಹಾಕುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಪಕ್ಕ ಹೊಸದು ಹಾಕಿದರೆ ಹೊಸದೊಂದೇ ಭಾರ ಹೊರುತ್ತದೆ. ಬೆಲ್ಟು ಬಿಗಿ ಮಾಡುವ ಐಡ್ಲರ್ ಸಡಿಲ ಮಗ್ಗುಲಲ್ಲಿ ಇರಬೇಕು. ಎಂಜಿನ್ ಪುಲ್ಲಿ ತನ್ನ ಕಡೆ ಎಳೆದುಕೊಳ್ಳುವುದು ಬಿಗಿ ಮಗ್ಗುಲು, ಅಲ್ಲಿಂದ ಹೊರಟು ಹೋಗುವುದು ಸಡಿಲ ಮಗ್ಗುಲು. ಬಿಗಿ ಕಡೆ ಐಡ್ಲರ್ ಇಟ್ಟರೆ ಸ್ಪ್ರಿಂಗು ಎಷ್ಟು ಗಟ್ಟಿಯಿದ್ದರೂ ಸಾಲದು, ಬೇರಿಂಗೂ ಉಳಿಯದು. ಬೆಲ್ಟಿಗೆ ಒಂದು ತಗಡಿನ ಮರೆ ಕೊಡಿ. ಅಲ್ಲಿ ಹಿಮ ಸಿಕ್ಕಿ ಬೆಲ್ಟು ಜಾರುತ್ತದೆ, ನಮ್ಮಲ್ಲಿ ಮಳೆನೀರು ಅದೇ ಕೆಲಸ ಮಾಡುತ್ತದೆ.

ಈಗ ಒಂದು ಸಣ್ಣ ಬೋಲ್ಟಿನ ವಿಷಯ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಅತಿ ಹೆಚ್ಚು ಹಾಳಾಗುವುದು ಇಲ್ಲೇ.

ತಿರುಚುವ ಬಲ, ಅಂದರೆ ಟಾರ್ಕ್, ವೇಗ ಇಳಿದಷ್ಟೂ ಏರುತ್ತದೆ. ಕಿಲೊವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ನ್ಯೂಟನ್ ಮೀಟರ್ ಬರುತ್ತದೆ. 10 ಎಚ್‌ಪಿ ಎಂದರೆ ಏಳೂವರೆ ಕಿಲೊವ್ಯಾಟ್. ಅದು 3400 ಆರ್‌ಪಿಎಂನಲ್ಲಿ 21 ನ್ಯೂಟನ್ ಮೀಟರ್ ಮಾತ್ರ, ಬೆಲ್ಟು ಹೊರಬಲ್ಲದು. ಅದೇ 10 ಎಚ್‌ಪಿ ನೂರು ಆರ್‌ಪಿಎಂನ ಆಗರಿಗೆ ತಲುಪಿದಾಗ 700 ದಾಟುತ್ತದೆ. ಹಿಮದ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ದಿನಪತ್ರಿಕೆಯ ಕಟ್ಟು, ಕಲ್ಲು, ಕಾಲೊರೆಸುವ ಚಾಪೆ. ಸುರುಳಿ ಸಿಕ್ಕಿಕೊಂಡ ಕ್ಷಣದಲ್ಲಿ ಇಂಪೆಲರಿನ ಓಘವೂ ಸೇರಿ ಅಷ್ಟೂ ಬಲ ವರ್ಮ್ ಗೇರಿನ ಕಂಚಿನ ಹಲ್ಲುಗಳ ಮೇಲೆ ಬೀಳುತ್ತದೆ. ಹಲ್ಲು ಹೋಗದಿರಲಿ ಎಂದೇ ಆಗರಿನ ಎರಡೂ ಕಡೆ, ಸುರುಳಿಯನ್ನೂ ಶಾಫ್ಟನ್ನೂ ಹಿಡಿದಿಡಲು ಒಂದೊಂದು ಮೆತ್ತನೆಯ ಬೋಲ್ಟು ಇಡುತ್ತಾರೆ. ಅದೇ ಶಿಯರ್ ಬೋಲ್ಟು, ಮೊದಲು ಮುರಿಯಲೆಂದೇ ಇಟ್ಟದ್ದು.

25 ಮಿಲಿಮೀಟರ್ ಶಾಫ್ಟಿನ ಈ ಬದಿಯಿಂದ ಆ ಬದಿಗೆ 6 ಮಿಲಿಮೀಟರಿನ, ಗಟ್ಟಿತನದಲ್ಲಿ 4.6 ದರ್ಜೆಯ ಬೋಲ್ಟು ಹಾಕಿದರೆ ಅದು ಸುಮಾರು 170 ನ್ಯೂಟನ್ ಮೀಟರಿಗೆ ಕತ್ತರಿಸಿಕೊಳ್ಳುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ತಡೆಯುವುದು ಇದರ ಎರಡರಷ್ಟು, 340. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದ ಡಬ್ಬಿಯಲ್ಲಿರುತ್ತವೆ. ಬೋಲ್ಟು ಪದೇ ಪದೇ ಹೋಗುತ್ತದೆ ಎಂದು ಬೇಸತ್ತು ಗಟ್ಟಿಯದು ಹಾಕಿದವರು ಹತ್ತು ರೂಪಾಯಿಯ ಬೋಲ್ಟು ಉಳಿಸಿ ಗೇರ್ ಬಾಕ್ಸು ಕಳೆದುಕೊಳ್ಳುತ್ತಾರೆ. ನಮ್ಮ ಚಿಪ್ಪರಿನಲ್ಲೂ ಪಿಟಿಒ ಶಾಫ್ಟಿನಲ್ಲೂ ಮುರಿದ ಜಾಗಕ್ಕೆ ಮೊಳೆ ಬಡಿದು, ವೆಲ್ಡಿಂಗ್ ಹಚ್ಚಿ ಓಡಿಸುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಬೋಲ್ಟು ಮೇಲಿಂದ ಮೇಲೆ ಹೋಗುತ್ತಿದೆ ಎಂದರೆ ಯಂತ್ರ ಏನೋ ಹೇಳುತ್ತಿದೆ. ಒಂದೋ ಹೆಚ್ಚು ತುರುಕುತ್ತಿದ್ದೀರಿ, ಇಲ್ಲವೇ ರಂಧ್ರ ಸವೆದು ಬೋಲ್ಟು ಅಲುಗಾಡುತ್ತಿದೆ. ಕಾರಣ ಹುಡುಕಿ. ಬಿಡಿ ಬೋಲ್ಟುಗಳನ್ನು ಅದೇ ದರ್ಜೆಯಲ್ಲಿ ಒಂದು ಡಬ್ಬಿ ತುಂಬಾ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ತೂಕದ ಬಗ್ಗೆ ಚುಟುಕಾಗಿ. ನೂರು ಕಿಲೊದ ಬ್ಲೋವರನ್ನು ಮುಂದಿನ ಆಕ್ಸಲಿನಿಂದ 80 ಸೆಂಟಿಮೀಟರ್ ಮುಂದೆ ನೇತುಹಾಕಿದಿರಿ, ಎರಡು ಆಕ್ಸಲುಗಳ ನಡುವೆ 120 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಅದನ್ನು ಮೇಲೆತ್ತಿದಾಗ ಹಿಂದಿನ ಚಕ್ರದ ಮೇಲಿಂದ 67 ಕಿಲೊ ಭಾರ ಎದ್ದುಹೋಗುತ್ತದೆ, ಮುಂದಿನ ಆಕ್ಸಲಿನ ಮೇಲೆ 167 ಕಿಲೊ ಕೂರುತ್ತದೆ. ಎಳೆಯುವುದು ಹಿಂದಿನ ಚಕ್ರ, ಬ್ರೇಕ್ ಹಿಡಿಯುವುದೂ ಅದೇ. ಅದಕ್ಕೇ ಅಲ್ಲಿಯವರು ಹಿಂದೆ ತೂಕ ಕಟ್ಟುತ್ತಾರೆ, ಟೈರಿಗೆ ಸರಪಳಿ ಸುತ್ತುತ್ತಾರೆ. ಕಾಫಿ ತೋಟದ ಇಳಿಜಾರಿನಲ್ಲಿ ಮುಂದೆ ಭಾರ ಕಟ್ಟುವವರು ಈ ಲೆಕ್ಕ ಮಾಡದೆ ಇಳಿಯಬಾರದು.

ಅಷ್ಟು ತೊಡಕೇಕೆ, ಬ್ಲೋವರಿಗೇ ಬೇರೆ ಎಂಜಿನ್ ಕೂರಿಸಿದರಾಗದೇ ಎಂದು ಒಬ್ಬರು ನಡುವೆ ಕೇಳಿದರು. ಆಗುತ್ತದೆ. ಮ್ಯೂಲ್ ಡ್ರೈವ್ ಬೇಡ, ಕ್ಲಚ್ಚಿನ ತಾಪತ್ರಯ ಇಲ್ಲ, ಟ್ರ್ಯಾಕ್ಟರು ಬರೀ ತಳ್ಳುತ್ತದೆ. ಎರಡು ಎಂಜಿನ್ನಿನ ಆರೈಕೆ ಮತ್ತು ಮುಂದೆ ಇನ್ನೂ ಒಂದಿಷ್ಟು ತೂಕ, ಅದರ ಬೆಲೆ ಇಷ್ಟು. ಗೇರಿನ ಹಳೆಯ ಟ್ರ್ಯಾಕ್ಟರ್ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸುರಕ್ಷತೆಯ ಮಾತು ಕೊನೆಗೆ ಬಂದರೂ ತೂಕದಲ್ಲಿ ಮೊದಲನೆಯದು. 540 ಆರ್‌ಪಿಎಂ ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. 35 ಮಿಲಿಮೀಟರ್ ಶಾಫ್ಟು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲು, ಸೆರಗು, ಪಂಚೆಯ ತುದಿ ಸಿಕ್ಕರೆ ಸ್ವಿಚ್ಚಿಗೆ ಕೈ ಚಾಚುವಷ್ಟು ಸಮಯ ಇರುವುದಿಲ್ಲ. ಒಕ್ಕಣೆ ಯಂತ್ರಗಳಲ್ಲಿ ಕೈಕಾಲು ಕಳೆದುಕೊಂಡವರು ಎಷ್ಟಿದ್ದರೆಂದರೆ ಈ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಶಾಫ್ಟಿನ ಪ್ಲಾಸ್ಟಿಕ್ ಕವರು ತೆಗೆದಿಟ್ಟು ಓಡಿಸಬೇಡಿ. ಡ್ರೈವರ್ ಸೀಟು ಬಿಟ್ಟೆದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು ಗಾರ್ಡನ್ ಟ್ರ್ಯಾಕ್ಟರಿನಲ್ಲಿ ಇರುತ್ತದೆ. ಮಾರ್ಪಾಡು ಮಾಡುವಾಗ ವೈರು ಅಡ್ಡ ಬಂತೆಂದು ಅದನ್ನು ನೇರ ಜೋಡಿಸಬೇಡಿ. ಚೂಟಿನಲ್ಲಿ ಹಿಮ ಕಟ್ಟಿಕೊಂಡಾಗ ಎಂಜಿನ್ ಆರಿಸಿದ ಮೇಲೂ ಕೈ ಹಾಕಬಾರದು. ಬಿಗಿದ ಬೆಲ್ಟಿನಲ್ಲಿ ಬಲ ಉಳಿದಿರುತ್ತದೆ, ಅಡಚಣೆ ಸಡಿಲವಾದ ಕೂಡಲೇ ಎಲೆ ಕಾಲು ಸುತ್ತು ಹಾರುತ್ತದೆ, ಬೆರಳಿಗೆ ಅಷ್ಟು ಸಾಕು. ಅದಕ್ಕೆ ಒಂದು ಕೋಲನ್ನು ಯಂತ್ರಕ್ಕೇ ಕ್ಲಿಪ್ ಹಾಕಿ ಸಿಕ್ಕಿಸಿಡುತ್ತಾರೆ. ನಮ್ಮ ಚಿಪ್ಪರಿನ ಬಾಯಿಯ ಪಕ್ಕವೂ ಒಂದು ಕೋಲು ಇರಲಿ.

ಪ್ರಶ್ನೋತ್ತರದಲ್ಲಿ ಚಿಕ್ಕಮಗಳೂರು ಕಡೆಯ ಬೆಳೆಗಾರರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಲು ಇದೇ ಯಂತ್ರ ಕಟ್ಟಿಕೊಡಬಹುದೇ? ಆಳು ಸಿಗದ ದಿನಗಳಲ್ಲಿ, ಮೋಡ ಕವಿದು ಬಂದಾಗ ಅವರ ಅವಸರ ನನಗೆ ಅರ್ಥವಾಗುತ್ತದೆ. ತುದಿಯಿಂದಲೇ ಶುರು ಮಾಡೋಣ. ತುದಿಯಲ್ಲಿರುವುದು ಪಾರ್ಚ್‌ಮೆಂಟ್ ಬೀಜ, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಉಳಿಸಿದ ಕಾಫಿ. ಸೆಕೆಂಡಿಗೆ 16 ಮೀಟರ್ ವೇಗದ ಎಲೆ ಬಡಿದರೆ ಸಿಪ್ಪೆ ಸೀಳುತ್ತದೆ, ಬೀಜ ಒಡೆಯುತ್ತದೆ. ಹಾಗಾಗಿ ಇಂಪೆಲರ್ ಬೇಡವೇ ಬೇಡ, ದೂರ ಎಸೆಯುವ ಅಗತ್ಯವೂ ಇಲ್ಲ. ಸುರುಳಿ ಒಂದೇ ಸಾಕು. 30 ಸೆಂಟಿಮೀಟರಿನ ಸುರುಳಿ ನಿಮಿಷಕ್ಕೆ 60 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ, ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿದರೆ ಬೀಜಕ್ಕೂ ಕಣದ ನೆಲಕ್ಕೂ ಪೆಟ್ಟಿಲ್ಲ. ಇದಕ್ಕೆ ಬೇಕಾಗುವ ಶಕ್ತಿ ಬಹಳ ಕಡಿಮೆ. ಮುಂದಿನ ಹೆಜ್ಜೆ, ಎಳೆಯುವುದು ಯಾವುದು? ಟ್ರ್ಯಾಕ್ಟರಿನ ಟೈರು ತೋಟದ ಮಣ್ಣನ್ನು ಕಣಕ್ಕೆ ತರುತ್ತದೆ, ಡೀಸೆಲ್ ಹೊಗೆಯ ವಾಸನೆ ಒಣಗುತ್ತಿರುವ ಕಾಫಿಗೆ ಹತ್ತುತ್ತದೆ. ನಾನು ಅವರಿಗೆ ಹೇಳಿದ್ದು ಇಷ್ಟು: ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರು, ಒಂದು ಸಣ್ಣ ಗೇರ್ ಬಾಕ್ಸು, ಎರಡು ಚಕ್ರದ ಕೈಗಾಡಿ, ಸುರುಳಿಗೆ 4.6ರ ಶಿಯರ್ ಬೋಲ್ಟು, ಕೇಬಲ್ಲಿಗೆ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಅರ್ತ್ ಲೀಕೇಜ್ ಬ್ರೇಕರು. ಟ್ರ್ಯಾಕ್ಟರು ಕಣದ ಹೊರಗೇ ನಿಂತಿರಲಿ.